ಪಡಸಾಲೆಯಲ್ಲಿ ಹಲಗೆ

ಬೀದರದಿಂದ ಪೂರ್ವಕ್ಕೆ ಎರಡು ಮೈಲಿಯಷ್ಟು ಇಳಿದುಬಂದರೆ ನಮ್ಮ ಅಷ್ಟೂರ. ಬಹಮನಿ ಅರಸರ ಗೋರಿಗಳ ಗುಮ್ಮಟಗಳನ್ನು ನೋಡಬಂದವರಿಗೆ ಊರಿನ ಪರಿಚಯವಿರುವುದು. 1436ರಲ್ಲಿ ತೀರಿಕೊಂಡ ಅಹಮದ್ ಶಾಹ ವಲಿಯ ಗೋರಿಯ ಬಳಿ ಹೋಳಿಯ ಬಳಿಕ ವರ್ಷವರ್ಷವೂ ಜಾತ್ರೆ ಕೂಡುವುದು. ಅದಕ್ಕೆ ಹಿಂದೂಗಳೂ ಮುಸಲ್ಮಾನರೂ ಬರುವರು. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ನಡೆದು ಬರುವರು. ಇಂಥ ಊರಿನಲ್ಲಿಯೂ ಹಲಗೆಯು ನಮ್ಮ ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬರುವುದಕ್ಕೆ ಮೂರು ತಲೆಮಾರು ಬೇಕಾಯಿತು. ಮದುವೆಯಿರಲಿ, ಮರಣವಿರಲಿ, ಅದು ಅಂಗಳದ ಆಚೆಗೇ ನುಡಿಯುತ್ತಿತ್ತು.

ಅದನ್ನು ನುಡಿಸುವವರಿಗೆ ಈಗ ಎಪ್ಪತ್ತು ದಾಟಿದೆ. ನಾನು ಅವರನ್ನು ಕಾಕಾ ಎನ್ನುವೆನು. ಅವರು ಎಷ್ಟು ಬೇಡವೆಂದರೂ ನನ್ನನ್ನು ಗೌಡ್ರ ಎನ್ನುವುದನ್ನು ಬಿಟ್ಟವರಲ್ಲ. ಮಕ್ಕಳು ಹೈದರಾಬಾದಿನಲ್ಲಿ ದುಡಿಮೆಗೆ ನಿಂತರು. ಯಾರೂ ಕೋಲು ಹಿಡಿಯಲಿಲ್ಲ. ಬಲಗೈಯ ಮೊಣಕೈ ಇತ್ತೀಚೆಗೆ ನೋಯುತ್ತದೆಂದು ಅವರು ಅಂದ ದಿನವೇ ಅವರ ಬಾಜನೆಯನ್ನು ಮನೆಯಲ್ಲಿ ಮುದ್ರಿಸಿಕೊಳ್ಳಬೇಕೆಂದು ನಿಶ್ಚಯಿಸಿದೆನು. ಒಂದು ಕಂಡೆನ್ಸರ್ ಮೈಕನ್ನೂ ಅದನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯನ್ನೂ ತರಿಸಿದೆನು.

ಅಂದು ಅವರು ಅಂಗಳದಲ್ಲಿ ಹುಲ್ಲು ಉರಿಸಿ, ಚರ್ಮ ಬಿಗಿಯುವವರೆಗೆ ಹಲಗೆಯನ್ನು ಕಾಯಿಸಿದರು. ಒಳಗೆ ಬರುವಂತೆ ಮೂರು ಸಲ ಹೇಳಬೇಕಾಯಿತು. ಬಂದವರು ಚಾಪೆಯ ಅಂಚಿನಲ್ಲಿ ಕುಳಿತರು. ಆದರೆ ದಪ್ಪ ಕೋಲು ಚರ್ಮವನ್ನು ಮುಟ್ಟಿದ ಮೇಲೆ ಆ ಸಂಕೋಚವೆಲ್ಲ ಎಲ್ಲಿ ಹೋಯಿತೋ! ಇಪ್ಪತ್ತು ನಿಮಿಷ ಮನೆಯೇ ನಡುಗಿತು. ಪೆಟ್ಟಿಗೆಯ ಮೇಲೆ ಕೆಂಪು ದೀಪ ಬೆಳಗುತ್ತಿತ್ತು. ಯಂತ್ರವು ಚೆನ್ನಾಗಿ ಕೇಳಿಸಿಕೊಳ್ಳುತ್ತಿದೆಯೆಂದು ನಾನು ಹಿಗ್ಗಿದೆನು.

ಮರಳಿ ಕೇಳಿದಾಗ ಪ್ರತಿಯೊಂದು ದೊಡ್ಡ ಪೆಟ್ಟೂ ಅರಿವೆ ಹರಿದಂತೆ ಚರ್ರೆನ್ನುತ್ತಿತ್ತು. ನಾನು ಯಂತ್ರವನ್ನು ಸಂಶಯಿಸಲಿಲ್ಲ. "ಕಾಕಾ, ಸ್ವಲ್ಪ ಮೆಲ್ಲಗೆ ಬಾರಿಸಿರಿ" ಎಂದೆನು. "ನೀವು ಹ್ಯಾಂಗ ಹೇಳ್ತೀರಿ ಹಾಂಗ, ಗೌಡ್ರ" ಎಂದು ಅವರು ಮೆಲ್ಲಗೆ ಬಾರಿಸಿದರು. ಹರಕು ಸದ್ದು ಹೋಯಿತು. ಅದರ ಸಂಗಡ ಹಲಗೆಯೂ ಹೋಯಿತು. ಮುಚ್ಚಿದ ಕದವನ್ನು ಯಾರೋ ಅಂಜುತ್ತ ತಟ್ಟಿದಂತಿತ್ತು. ಒಳಗೆ ಕರೆದು ಕೂರಿಸಿ, ಅಂಗಳದಲ್ಲಿ ಯಾರೂ ಹೇಳದಿದ್ದ ಮಾತನ್ನು ಹೇಳಿದೆನಲ್ಲಾ ಎಂದು ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಕಂಪ್ಯೂಟರಿನ ಪರದೆಯ ಮೇಲೆ ಧ್ವನಿಯು ಅಲೆಯ ಚಿತ್ರವಾಗಿ ಕಾಣುವುದಷ್ಟೆ. ಅದನ್ನು ಹಿಗ್ಗಲಿಸಿ ನೋಡಿದೆನು. ದುಂಡಗಿರಬೇಕಾದ ಶಿಖರಗಳೆಲ್ಲ ನಮ್ಮ ಬೀದರದ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಹಾಗೆ ತಲೆ ಸಪಾಟಾಗಿ ನಿಂತಿದ್ದುವು. ಡಿಜಿಟಲ್ ಮುದ್ರಣದಲ್ಲಿ ಸೊನ್ನೆ ಡೆಸಿಬೆಲ್ಲೇ ನೆತ್ತಿ. ಅದಕ್ಕೆ ಮೇಲಿನದೆಲ್ಲ ಕತ್ತರಿಸಿ ಹೋಗುವುದು. ಆಮೇಲೆ ಧ್ವನಿಯನ್ನು ಎಷ್ಟು ತಗ್ಗಿಸಿದರೂ ಸಪಾಟಾದುದು ಸಪಾಟಾಗಿಯೇ ಇರುವುದು.

ಮರುದಿನ ಗೇನ್ ತಿರುಗುಣಿಯನ್ನು ಕಾಲುಭಾಗಕ್ಕೆ ಇಳಿಸಿ, ಎಣ್ಣೆಯ ಹಳೆಯ ಡಬ್ಬಿಯೊಂದನ್ನು ನಾನೇ ಬಡಿದೆನು. ಕೆಂಪು ದೀಪ ಬೆಳಗಲಿಲ್ಲ. ಶಿಖರಗಳು ನೆತ್ತಿಗಿಂತ ಬಹಳ ಕೆಳಗಿದ್ದುವು. ಆದರೂ ಸದ್ದು ಹರಿದೇ ಇತ್ತು. ತಲೆಗಳು ಕೆಳಮಟ್ಟದಲ್ಲಿಯೇ ಸಪಾಟಾಗಿದ್ದುವು! ಇದರ ಅರ್ಥ ಹೊಳೆಯಲು ಅರ್ಧ ದಿನ ಹಿಡಿಯಿತು. ಧ್ವನಿ ಕತ್ತರಿಸುತ್ತಿದ್ದುದು ತಿರುಗುಣಿಗೆ ಬರುವ ಮೊದಲೇ, ಮೈಕಿನ ಹೊಟ್ಟೆಯೊಳಗೇ. ಮೇಲೆ ಕೆರೆಯ ಏರಿಯೇ ಒಡೆದಿರುವಾಗ ಕೆಳಗಿನ ತೂಬನ್ನು ಮುಚ್ಚಿ ಏನು ಫಲ? ಮೈಕನ್ನು ಚರ್ಮದಿಂದ ಒಂದು ಗೇಣಿನಲ್ಲಿ ಇಟ್ಟಿದ್ದೆನು. ಕೋಲಿನ ಪೆಟ್ಟಿನ ಧ್ವನಿ ಅಷ್ಟು ಹತ್ತಿರದಲ್ಲಿ 120 ಡೆಸಿಬೆಲ್ ದಾಟುವುದು ಅಪರೂಪವಲ್ಲ. ಕೆಲವು ಮೈಕುಗಳಲ್ಲಿ 10 ಡೆಸಿಬೆಲ್ ತಗ್ಗಿಸುವ ಗುಂಡಿಯಿರುವುದು, ನನ್ನದರಲ್ಲಿ ಇರಲಿಲ್ಲ. 1925ರಲ್ಲಿ ವಿದ್ಯುತ್ ಮುದ್ರಣ ಬರುವ ಮೊದಲು ಗ್ರಾಮಫೋನಿನವರು ಮೈಕಿಲ್ಲದೆ ತುತೂರಿಯಂಥ ಕೊಳವೆಯ ಮುಂದೆ ಬಾಜನೆ ಮಾಡಿಸುತ್ತಿದ್ದರು; ದೊಡ್ಡ ಚರ್ಮವಾದ್ಯದ ಪೆಟ್ಟಿಗೆ ಮೇಣದ ಮೇಲಿನ ಮುಳ್ಳು ದಾರಿ ತಪ್ಪೀತೆಂದು ಅದನ್ನು ದೂರ ಸರಿಸುವುದು ಅವರಿಗೂ ಗತಿಯಾಗಿತ್ತು. ನನ್ನ ಅಜ್ಞಾನಕ್ಕೆ ಅಷ್ಟು ಹಳೆಯ ಜೊತೆ ದೊರೆತುದು ಸಮಾಧಾನವೇ ಸರಿ.

ದೂರ ಸರಿಸುವುದೇ ಸುಲಭವಾದ ಉಪಾಯ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಧ್ವನಿ 6 ಡೆಸಿಬೆಲ್ಲಿನಷ್ಟು ಇಳಿಯುವುದು. ಒಂದು ಗೇಣಿನಿಂದ ಎಂಟು ಗೇಣಿಗೆ ಹೋದರೆ 18. ಆದರೆ ನಮ್ಮ ಪಡಸಾಲೆಯ ಕಲ್ಲುಗೋಡೆಯೂ ಫರಸಿಯ ನೆಲವೂ ಧ್ವನಿಯನ್ನು ಮರಳಿ ಮರಳಿ ಎಸೆಯುವುವು. ಮೈಕು ದೂರವಾದಷ್ಟೂ ಹಲಗೆಗಿಂತ ಗೋಡೆಯೇ ಹೆಚ್ಚು ಕೇಳಿಸುವುದು. ಹಾಗಾದರೆ ಅಂಗಳದಲ್ಲಿ ಬೇವಿನ ಮರದ ಕೆಳಗೆ ಕೂರಿಸುವುದೇ ಲೇಸೆಂದು ಶಾಸ್ತ್ರ ಹೇಳಿತು. ಶಾಸ್ತ್ರ ಸರಿಯಾಗಿಯೇ ಹೇಳಿತು. ನನಗೆ ಮಾತ್ರ ಕಾಕಾನನ್ನು ಮತ್ತೆ ಅಂಗಳಕ್ಕೆ ಇಳಿಯಿರೆಂದು ಹೇಳಲು ಬಾಯಿ ಬರಲಿಲ್ಲ.

ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಗೋಡೆಗೆ ತೂಗಹಾಕಿದೆವು. ಬೀದರದ ಮೈಕಿನ ಅಂಗಡಿಯಿಂದ, ಸಭೆಗಳಲ್ಲಿ ಹಾಡುವವರು ಕೈಯಲ್ಲಿ ಹಿಡಿಯುವ ಡೈನಮಿಕ್ ಮೈಕನ್ನು ಎರಡು ದಿನಕ್ಕೆ ಬಾಡಿಗೆಗೆ ತಂದೆನು. ಬೆಲೆಯಲ್ಲಿ ನನ್ನದಕ್ಕಿಂತ ಕಡಿಮೆ. ಆದರೆ ಅದರ ಸುರುಳಿಯು ಎಂಥ ಪೆಟ್ಟನ್ನೂ ತಡೆದುಕೊಳ್ಳುವುದು. ಅದನ್ನು ಎರಡು ಮೊಳ ದೂರದಲ್ಲಿ ಇಟ್ಟು, ಅತ್ಯಂತ ದೊಡ್ಡ ಪೆಟ್ಟು ಸೊನ್ನೆಗಿಂತ 12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಗೇನ್ ಹೊಂದಿಸುವುದೆಂದು ಗೊತ್ತುಮಾಡಿದೆನು. 24 ಬಿಟ್ಟಿನ ಮುದ್ರಣದಲ್ಲಿ ಇಷ್ಟು ತಗ್ಗಿಸಿದರೆ ನಷ್ಟವಿಲ್ಲ.

ಆಮೇಲೆ ಅವರ ಮನೆಗೆ ಹೋಗಿ, ತಪ್ಪು ಕೈಯದಲ್ಲ, ನನ್ನ ಯಂತ್ರದ್ದು ಎಂದೆನು. ಅವರು ಏನೂ ಹೇಳದೆ ಹಲಗೆಯನ್ನು ಗೂಟದಿಂದ ಇಳಿಸಿಕೊಂಡರು.

ಈ ಸಲ ಶಿಖರಗಳು ದುಂಡಗೆ ಬಂದುವು. ಆದರೂ ಕೆಲವು ಪೆಟ್ಟುಗಳ ಬಾಲದಲ್ಲಿ ಝಿಣಿಝಿಣಿಯೆಂಬ ಒಡಕು ಉಳಿದಿತ್ತು. ನಾನು ತಂತಿಗಳನ್ನು ಕಿತ್ತು ಜೋಡಿಸುತ್ತಿರಲು ಕಾಕಾ ಒಂದು ಪೆಟ್ಟು ಹಾಕಿ, ಅಡಿಗೆಮನೆಯ ಕಡೆಗೆ ಕಿವಿಗೊಟ್ಟು, "ಒಳಗ ತಾಟ ಸಪ್ಪಳ ಮಾಡ್ಲತ್ತಾವ, ಗೌಡ್ರ" ಎಂದರು. ತಾಯಿ ಹೋಗಿ ಹಲಗೆಗಪಾಟಿನ ಸ್ಟೀಲು ತಾಟುಗಳ ನಡುವೆ ಟವೆಲ್ಲು ತುರುಕಿದಳು. ಒಡಕು ನಿಂತಿತು.

ಅಂದು ಹತ್ತು ನಿಮಿಷಕ್ಕೆ ಮೊಣಕೈ ಸೋತಿತು. ಕೇಳಿಸೋಣವೆಂದು ಆತುರದಲ್ಲಿ ಮೊಬೈಲಿನಲ್ಲಿ ಹಚ್ಚಿದೆನು. ಅದರ ಚಿಟಿಕೆಯಷ್ಟು ಸ್ಪೀಕರಿನಲ್ಲಿ ಎಲ್ಲವೂ ಮತ್ತೆ ಹರಿಯಿತು. ಕಾಕಾ ನನ್ನ ಮುಖವನ್ನು ನೋಡಿದರು. ಗಡಬಡಿಸಿ ಹೆಡ್‌ಫೋನು ತಂದು ಅವರ ಕಿವಿಗೆ ಇಟ್ಟೆನು. ಕಣ್ಣು ಮುಚ್ಚಿದರು, ಬೆರಳುಗಳು ಮೊಳಕಾಲಿನ ಮೇಲೆ ಆಡತೊಡಗಿದುವು. ಮುಗಿದ ಮೇಲೆ ಅದನ್ನು ತೆಗೆದುಕೊಡುತ್ತ, "ಮೊದಲಿನ ದಿನದ್ದು?" ಎಂದು ಕೇಳಿದರು. ಅದು ಕೆಟ್ಟುಹೋಯಿತೆಂದು ಹೇಳಿದೆನು.

"ಅವತ್ತ ಕೈ ಚೊಲೊ ನಡದಿತ್ತು" ಎಂದರು.

ಆ ಇಪ್ಪತ್ತು ನಿಮಿಷವನ್ನು ನಾನು ಅಳಿಸಿಲ್ಲ.