ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ

2023ರ ಜೂನ್ ತಿಂಗಳ ಒಂದು ಬುಧವಾರ. ಊಟ ಮುಗಿಸಿ ಬಂದು ಕೂತಾಗ ಕ್ಯಾಲೆಂಡರ್‌ನಲ್ಲಿ 15 ನಿಮಿಷದ ಹೊಸ ಮೀಟಿಂಗ್ ಒಂದು ಕಾಣಿಸಿತು. ವಿಷಯದ ಜಾಗದಲ್ಲಿ ಬರೀ ‘ಕನೆಕ್ಟ್’ ಅಂತ ಇತ್ತು. ಐಟಿಯಲ್ಲಿ ಇರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ನನ್ನ ಮ್ಯಾನೇಜರ್ ಮತ್ತು ಎಚ್‌ಆರ್‌ನ ಒಬ್ಬ ಹುಡುಗಿ ಕೂತಿದ್ದರು. ಆ ಹುಡುಗಿಗೆ ಹೆಚ್ಚೆಂದರೆ 26 ವರ್ಷ. ಪಾಪ, ಅವಳ ಕೈಯೂ ನಡುಗುತ್ತಿತ್ತು. ನಾನಾಗಿಯೇ ರಾಜೀನಾಮೆ ಕೊಟ್ಟರೆ ಎರಡು ತಿಂಗಳ ಸಂಬಳ ಮತ್ತು ಒಳ್ಳೆಯ ರಿಲೀವಿಂಗ್ ಲೆಟರ್ ಸಿಗುತ್ತದೆ, ಕೊಡದಿದ್ದರೆ ‘ಪ್ರೊಸೆಸ್’ ಪ್ರಕಾರ ಹೋಗಬೇಕಾಗುತ್ತದೆ ಎಂದಳು. 13 ವರ್ಷದ ನೌಕರಿ 12 ನಿಮಿಷದಲ್ಲಿ ಮುಗಿಯಿತು. ಸಂಜೆ ಲ್ಯಾಪ್‌ಟಾಪ್, ಐಡಿ ಕಾರ್ಡ್ ಒಪ್ಪಿಸಿ ಪಲ್ಲಾವರಂ–ತೊರೈಪಾಕ್ಕಂ ರಸ್ತೆಯಲ್ಲಿ ಬೈಕ್ ಓಡಿಸಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಏನೂ ಹೇಳಲಿಲ್ಲ. ಕೋವಿಡ್ ಆದಮೇಲೆ ವಾರಕ್ಕೆ ಮೂರೇ ದಿನ ಆಫೀಸಿಗೆ ಹೋಗುತ್ತಿದ್ದವನು, ‘ಇನ್ನು ಮೇಲೆ ಐದೂ ದಿನ ಬರಬೇಕಂತೆ’ ಅಂತ ಹೆಂಡತಿಗೆ ಒಂದು ಸುಳ್ಳು ಹೇಳಿದೆ. ಮಾರನೇ ದಿನ ಬೆಳಿಗ್ಗೆ ಎಂಟೂವರೆಗೆ ಬ್ಯಾಗು ಹೆಗಲಿಗೇರಿಸಿ, ಅವಳು ಕಟ್ಟಿಕೊಟ್ಟ ಡಬ್ಬಿ ಹಿಡಿದು ಹೊರಟೆ. ಹೀಗೆ ಹನ್ನೊಂದು ದಿನ ನಾಟಕ ನಡೆಯಿತು. ಅದನ್ನು ಬರೆಯಬೇಕು ಅಂತಲೇ ಇಷ್ಟು ದಿನ ಅಂದುಕೊಳ್ಳುತ್ತಿದ್ದೆ. ಓದುತ್ತಿರುವವರಲ್ಲಿ ಯಾರಾದರೂ ಇವತ್ತು ಹಾಗೇ ಬ್ಯಾಗು ಹೊತ್ತು ಹೊರಟಿರಬಹುದು.

ನಮ್ಮೂರು ಮಂಡ್ಯದ ಹತ್ತಿರ. ಅಪ್ಪ ಕಬ್ಬು ಬೆಳೆಯುವವರು. ಎಂಸಿಎ ಮುಗಿಸಿ 2010ರಲ್ಲಿ ಕೆಲಸಕ್ಕೆ ಸೇರಿ, 2013ರಲ್ಲಿ ಚೆನ್ನೈಗೆ ಬಂದೆ. ಆಫೀಸು ಓಎಂಆರ್ ಕಡೆ ಇದ್ದರೂ ಬಾಡಿಗೆ ಕಡಿಮೆ, ಲೋಕಲ್ ಟ್ರೈನ್ ಇದೆ ಅಂತ ಪಲ್ಲಾವರಂನಲ್ಲಿ ಮನೆ ಹಿಡಿದೆವು. ವಿಮಾನ ನಿಲ್ದಾಣ ಪಕ್ಕದಲ್ಲೇ. ಮೊದಮೊದಲು ವಿಮಾನ ಹೋದಾಗಲೆಲ್ಲ ಮಾತು ನಿಲ್ಲಿಸುತ್ತಿದ್ದೆವು, ಆಮೇಲೆ ಮಾತಾಡುತ್ತಲೇ ಇರುವುದು ರೂಢಿಯಾಯಿತು. 2018ರಲ್ಲಿ ಇಲ್ಲೇ ಎರಡು ರೂಮಿನ ಫ್ಲ್ಯಾಟ್ ಕೊಂಡೆವು. 20 ವರ್ಷದ ಸಾಲ, ತಿಂಗಳಿಗೆ 38 ಸಾವಿರ ಇಎಂಐ.

ಕಂಪನಿಗೆ ನಾನು ಎಷ್ಟು ನಿಯತ್ತಿನಿಂದ ಇದ್ದೆ ಅನ್ನುವುದಕ್ಕೆ ಒಂದು ಘಟನೆ ಹೇಳುತ್ತೇನೆ. 2015ರ ಡಿಸೆಂಬರ್ ಮಳೆ ನೆನಪಿರಬಹುದು. ಅಡೆಯಾರ್ ನದಿ ಉಕ್ಕಿ ವಿಮಾನ ನಿಲ್ದಾಣವೇ ಮುಚ್ಚಿತ್ತು. ಕ್ಲೈಂಟ್‌ಗೆ ತೊಂದರೆಯಾಗಬಾರದು ಅಂತ ನಮ್ಮ ಟೀಮನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರು. ಹೆಂಡತಿ ಆಗ ಆರು ತಿಂಗಳ ಬಸುರಿ. ಕರೆಂಟಿಲ್ಲ, ಫೋನಿಲ್ಲ. ಅವಳನ್ನು ಮಹಡಿ ಮೇಲಿನ ಓನರ್ ಮಾಮಿಗೆ ಒಪ್ಪಿಸಿ ನಾನು ಬಸ್ ಹತ್ತಿದೆ. ಆ ತಿಂಗಳು ನನಗೆ ಮೆಚ್ಚುಗೆಯ ಒಂದು ಮೇಲ್ ಬಂತು. ಅದನ್ನು ಪ್ರಿಂಟ್ ತೆಗೆದು ಅಪ್ಪನಿಗೆ ತೋರಿಸಿದ್ದೆ.

2019ರಲ್ಲಿ ಮ್ಯಾನೇಜರ್ ಆದೆ. ಅಪಾರ್ಟ್‌ಮೆಂಟಿನಲ್ಲೆಲ್ಲ ಮೈಸೂರು ಪಾಕ್ ಹಂಚಿದೆವು. ಈಗ ಹಿಂತಿರುಗಿ ನೋಡಿದರೆ ನನ್ನ ನೌಕರಿಗೆ ಕುತ್ತು ಶುರುವಾದದ್ದು ಆ ದಿನವೇ. ಸರ್ವಿಸ್ ಕಂಪನಿಗಳ ಲೆಕ್ಕ ಸರಳ. ಯಾರ ಗಂಟೆಗೆ ಕ್ಲೈಂಟ್ ದುಡ್ಡು ಕೊಡುತ್ತಾನೋ ಅವನು ಆದಾಯ, ಉಳಿದವನು ಖರ್ಚು. ಮ್ಯಾನೇಜರ್ ಆದಮೇಲೆ ನಾನು ಕೋಡ್ ಬರೆಯುವುದನ್ನು ಬಿಟ್ಟೆ. ಎಕ್ಸೆಲ್, ಪಿಪಿಟಿ, ದಿನಕ್ಕೆ ಎಂಟು ಕಾಲ್. ಪ್ರಾಜೆಕ್ಟ್ ಇರುವ ತನಕ ನಾನು ಬೇಕಾಗಿದ್ದೆ. ಪ್ರಾಜೆಕ್ಟ್ ನಿಂತ ದಿನ, 13 ವರ್ಷದ ಸಂಬಳ ಪಡೆಯುವ, ಕೈಯಲ್ಲಿ ಕಸುಬಿಲ್ಲದ ಮನುಷ್ಯನಾಗಿ ಬೆಂಚ್ ಮೇಲೆ ಕೂತಿದ್ದೆ.

ಕಾನೂನಿನಲ್ಲೂ ಇದೇ ಕತೆ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ, ಒಂದು ವರ್ಷ ಕೆಲಸ ಮಾಡಿದ ಕಾರ್ಮಿಕನನ್ನು ರಿಟ್ರೆಂಚ್ ಮಾಡಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ವೇತನ ಪರಿಹಾರವಾಗಿ ಕೊಡಬೇಕು. ಐಟಿಯವರಿಗೂ ಕಾರ್ಮಿಕ ಕಾನೂನುಗಳು ಅನ್ವಯಿಸುತ್ತವೆ, ಅವರು ಸಂಘ ಕಟ್ಟಬಹುದು ಅಂತ ತಮಿಳುನಾಡು ಸರ್ಕಾರ 2016ರಲ್ಲೇ ಸ್ಪಷ್ಟಪಡಿಸಿತ್ತು. ಮರುವರ್ಷ ಬೆಂಗಳೂರಿನಲ್ಲಿ ಕೆಐಟಿಯು ಸಂಘವೂ ಶುರುವಾಯಿತು. ಆದರೆ ‘ಕಾರ್ಮಿಕ’ ಅನ್ನುವ ವ್ಯಾಖ್ಯೆಯಿಂದ ಮ್ಯಾನೇಜರ್ ಕೆಲಸ ಮಾಡುವವರು ಹೊರಗೆ. ಮೈಸೂರು ಪಾಕ್ ಹಂಚಿದ ದಿನ ನಾನು ಆ ಗೆರೆ ದಾಟಿ ಆಚೆ ಹೋಗಿದ್ದೆ. ತಾನಾಗಿ ರಾಜೀನಾಮೆ ಕೊಟ್ಟವನಿಗಂತೂ ರಿಟ್ರೆಂಚ್‌ಮೆಂಟ್ ಮಾತೇ ಬರುವುದಿಲ್ಲ. ರಾಜೀನಾಮೆ ಬರೆಸಿಕೊಳ್ಳುವುದು ಯಾಕೆ ಅಂತ ಈಗ ಅರ್ಥವಾಗುತ್ತದೆ. ಮೀಟಿಂಗ್‌ನಲ್ಲಿ ಸಹಿ ಹಾಕಬೇಡಿ, ಒಂದು ದಿನ ಸಮಯ ಕೇಳಿ, ಬಲ್ಲವರ ಹತ್ತಿರ ಮಾತಾಡಿ. ನಾನು ಅಷ್ಟೂ ಮಾಡಲಿಲ್ಲ. ಮರ್ಯಾದೆಯಿಂದ ಹೊರಗೆ ಹೋದರೆ ಸಾಕು ಅನ್ನಿಸಿತ್ತು.

ಆ ಹನ್ನೊಂದು ದಿನ ಎಲ್ಲಿಗೆ ಹೋಗುತ್ತಿದ್ದೆ ಅಂದರೆ, ಪಲ್ಲಾವರಂನಿಂದ ಗಿಂಡಿಗೆ ಟ್ರೈನು, ಅಲ್ಲಿಂದ ಬಸ್ಸಿನಲ್ಲಿ ಕೋಟ್ಟೂರುಪುರಂನ ಅಣ್ಣಾ ಶತಮಾನೋತ್ಸವ ಗ್ರಂಥಾಲಯಕ್ಕೆ. 2010ರಲ್ಲಿ ಶುರುವಾದ ದೊಡ್ಡ ಕಟ್ಟಡ, ಎಸಿ ಇದೆ, ಯಾರೂ ಏನೂ ಕೇಳುವುದಿಲ್ಲ. ಸುತ್ತ ಸರ್ಕಾರಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ನಡುವೆ ಇಸ್ತ್ರಿ ಮಾಡಿದ ಶರ್ಟಿನ, ತಲೆ ನರೆಯುತ್ತಿರುವ ಇಬ್ಬರು ಮೂವರು ಇದ್ದರು. ಮಧ್ಯಾಹ್ನ ಅವರೂ ಡಬ್ಬಿ ಬಿಚ್ಚುತ್ತಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಶುಕ್ರವಾರ ಅಲ್ಲಿಗೂ ಹೋಗಲು ಮನಸ್ಸಾಗದೆ ಪಲ್ಲಾವರಂ ಸಂತೆಗೆ ಹೋದೆ. ವಾರಕ್ಕೊಮ್ಮೆ ಹಳೇ ಟ್ರಂಕ್ ರೋಡಿನಲ್ಲಿ ಸೇರುವ ಸಂತೆ ಅದು. ಗಿಡ, ಹಕ್ಕಿ, ಹಳೇ ಬಟ್ಟೆ, ಪಾತ್ರೆ, ಸ್ಪಾನರ್, ಏನು ಬೇಕಾದರೂ ಸಿಗುತ್ತದೆ. ಒಂದು ಟಾರ್ಪಾಲಿನ ಮೇಲೆ ಕೀಬೋರ್ಡು, ಮೌಸು, ಮಾನಿಟರ್ ರಾಶಿ ಹಾಕಿದ್ದರು. ನಾನು ಕೆಲಸಕ್ಕೆ ಸೇರಿದಾಗ ಬಳಸುತ್ತಿದ್ದಂಥದೇ ಒಂದು ಕೀಬೋರ್ಡು, ಬೆಲೆ 50 ರೂಪಾಯಿ. ಇದೇ ಪಲ್ಲಾವರಂನಲ್ಲಿ 1863ರ ಮೇ 30ರಂದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಗೆ ಜಲ್ಲಿ ಗುಂಡಿಯೊಂದರಲ್ಲಿ ಕಲ್ಲಿನ ಕೈಗೊಡಲಿ ಸಿಕ್ಕಿತ್ತು. ಭಾರತದಲ್ಲಿ ಹಳೆ ಶಿಲಾಯುಗದ ಮನುಷ್ಯ ಇದ್ದ ಅಂತ ಗೊತ್ತಾದದ್ದು ಅದರಿಂದ. ಆತ ಆಮೇಲೆ ನಮ್ಮ ಬಳ್ಳಾರಿ, ರಾಯಚೂರು ಕಡೆಯೂ ಇಂಥವನ್ನು ಹುಡುಕಿಕೊಂಡು ತಿರುಗಿದ. ಆ ಕಾಲದವರು ಒಂದೇ ಥರದ ಕೊಡಲಿ ಹಿಡಿದು ಲಕ್ಷಾಂತರ ವರ್ಷ ಬದುಕಿದರು. ನಾನು ಕಲಿತ ಕ್ಯೂಟಿಪಿ ಹತ್ತು ವರ್ಷವೂ ಬಾಳಲಿಲ್ಲ. ಸಂತೆಯಲ್ಲಿ ನಿಂತು ಒಬ್ಬನೇ ನಕ್ಕೆ. ಆ ವಾರದಲ್ಲಿ ನಕ್ಕದ್ದು ಅದೊಂದೇ ಸಲ.

ಭಾನುವಾರ ರಾತ್ರಿ ಮಗಳು ಮಲಗಿದ ಮೇಲೆ ಹೆಂಡತಿ ಎದುರಿಗೆ ಬಂದು ಕೂತಳು.

‘ರೀ, ಬ್ಯಾಗಲ್ಲಿ ಲ್ಯಾಪ್‌ಟಾಪ್ ಇಲ್ಲ ಅಂತ ನಂಗೆ ಸೋಮವಾರನೇ ಗೊತ್ತಾಯ್ತು. ಗುಡಿಸೋವಾಗ ಎತ್ತಿಟ್ಟೆ, ಹಗುರ ಇತ್ತು. ನೀವೇ ಹೇಳ್ತೀರಾ ಅಂತ ಆರು ದಿನ ಕಾದೆ.’

ನಾನು ಏನೋ ಹೇಳಲು ಹೋದೆ. ಅವಳಿಗೆ ಸಿಟ್ಟು ತಡೆಯಲಾಗಲಿಲ್ಲ. ‘ಬೆಳಿಗ್ಗೆ ಎದ್ದು ಡಬ್ಬಿ ಕಟ್ಟೋಳು ನಾನು. ನನ್ನ ಮುಂದೇನೇ ನಾಟಕ ಆಡ್ತೀರಾ? ಮಳೇಲಿ ಬಿಟ್ಟು ಹೋದಾಗ್ಲೂ ನಾನೇನೂ ಅನ್ನಲಿಲ್ಲ. ಕೆಲಸ ಹೋಗಿದ್ದಕ್ಕಲ್ಲ ನಂಗೆ ಬೇಜಾರು, ನನ್ನ ಹೊರಗಿನೋಳು ಮಾಡಿದ್ರಲ್ಲ, ಅದಕ್ಕೆ’ ಅಂದಳು. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ನೋಟ್‌ಬುಕ್ ತಂದು ಲೆಕ್ಕ ಬರೆಯಲು ಕೂತಳು.

ಆ ಲೆಕ್ಕ ಹೀಗಿತ್ತು. ಗ್ರಾಚುಟಿ: ಕೊನೆಯ ಮೂಲ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. ನನ್ನ ಮೂಲ ವೇತನ 60 ಸಾವಿರ, 13 ವರ್ಷಕ್ಕೆ ನಾಲ್ಕೂವರೆ ಲಕ್ಷ. ಎರಡು ತಿಂಗಳ ಸಂಬಳ. ಕ್ರೋಮ್‌ಪೇಟೆಯ ಶಾಲೆಯಲ್ಲಿ ಅವಳ ಟೀಚರ್ ಸಂಬಳ 22 ಸಾವಿರ. ಇಎಂಐ, ಶಾಲೆ ಫೀಸು, ಮನೆ ಖರ್ಚು ಕಳೆದರೆ ಎಂಟು ತಿಂಗಳು ಉಸಿರಾಡಬಹುದು. ನಾನು ಮರೆತೇಬಿಟ್ಟಿದ್ದ ಒಂದು ಸಂಗತಿಯನ್ನು ಅವಳೇ ಎತ್ತಿದಳು: ಕೊನೆಯ ದಿನಕ್ಕೆ ಕಂಪನಿಯ ಆರೋಗ್ಯ ವಿಮೆಯೂ ಮುಗಿದಿತ್ತು. ಅಪ್ಪ ಅಮ್ಮನ ಹೆಸರೂ ಅದರಲ್ಲೇ ಇತ್ತು. ನೌಕರಿ ಇರುವಾಗಲೇ ಸ್ವಂತದ್ದೊಂದು ಪಾಲಿಸಿ ಮಾಡಿಸಿಡಿ. 60 ದಾಟಿದವರಿಗೆ ಹೊಸದಾಗಿ ಮಾಡಿಸುವುದು ಸುಲಭವಲ್ಲ, ಮೊದಲಿನಿಂದ ಇರುವ ಕಾಯಿಲೆಗೆ ವರ್ಷಗಟ್ಟಲೆ ಕಾಯಬೇಕು.

ಅಪ್ಪನಿಗೆ ಹೇಳುವುದು ಇನ್ನೂ ಕಷ್ಟವಾಗಿತ್ತು. ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಊರಿಗೇ ಹೋದೆ. ಗದ್ದೆ ಬದುವಿನ ಮೇಲೆ ಕೂತು ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಾರ್ಖಾನೆ ನಿಂತೋದ್ ವರ್ಸ ಕಬ್ಬು ಗದ್ದೇಲೇ ಒಣಗ್ತು. ಮುಂದಿನ್ ಬೆಳೆಗೆ ರಾಗಿ ಹಾಕ್ದೆ. ನಾಚ್ಕೊಂಡ್ ಮನೇಲ್ ಕೂತಿದ್ನಾ ಮಗ?’ ಅಂದರು. ಅಷ್ಟೇ ಅವರು ಹೇಳಿದ್ದು.

ಇನ್ನೊಂದು ಮಾತು ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. 2021ರಲ್ಲಿ ರೇಟಿಂಗ್ ಮೀಟಿಂಗ್‌ನಲ್ಲಿ ನಾನೂ ಕೂತಿದ್ದೆ. ಬೆಲ್ ಕರ್ವ್ ಪ್ರಕಾರ ಹತ್ತು ಜನರಲ್ಲಿ ಒಬ್ಬರನ್ನು ಕೆಳಗೆ ಹಾಕಲೇಬೇಕು. ನನ್ನ ಟೀಮಿನಲ್ಲಿ ವೆಲ್ಲೂರು ಕಡೆಯ ಒಬ್ಬರಿದ್ದರು, ನನಗಿಂತ ಐದು ವರ್ಷ ದೊಡ್ಡವರು. ಕೆಲಸ ಚೆನ್ನಾಗಿಯೇ ಮಾಡುತ್ತಿದ್ದರು, ಆದರೆ ಜಗಳ ಮಾಡುವವರಲ್ಲ. ಜಗಳ ಮಾಡುವವರಲ್ಲ ಅನ್ನುವ ಕಾರಣಕ್ಕೇ ಅವರ ಹೆಸರು ಬರೆದೆ. ಆರು ತಿಂಗಳಲ್ಲಿ ಅವರೂ ‘ತಾವಾಗಿಯೇ’ ರಾಜೀನಾಮೆ ಕೊಟ್ಟರು. ನಾನು ಒಂದು ಫೋನೂ ಮಾಡಲಿಲ್ಲ. ‘ಪ್ರೊಸೆಸ್’ ಅಂತ ನನಗೆ ನಾನೇ ಹೇಳಿಕೊಂಡೆ.

ಕೆಲಸ ಹೋದ ಎರಡನೇ ತಿಂಗಳು ಅವರಿಗೆ ಫೋನ್ ಮಾಡಿದೆ. ನಡೆದದ್ದನ್ನು ಇದ್ದ ಹಾಗೆ ಹೇಳಿ ಕ್ಷಮೆ ಕೇಳಿದೆ. ಅವರು ತಾಂಬರಂನಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದರು. ‘ಅವತ್ತೇ ಫೋನ್ ಮಾಡಿದ್ದರೆ ಚೆನ್ನಾಗಿತ್ತು, ತಂಬಿ’ ಅಂದರು. ಆಮೇಲೆ ನನ್ನ ರೆಸ್ಯೂಮೆ ಕಳಿಸಲು ಹೇಳಿದರು. ಕ್ಷಮಿಸಿದೆ ಅಂತ ಅವರು ಅನ್ನಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಅವರ ಕಂಪನಿಯಲ್ಲಿ ಕೆಲಸ ಆಗಲಿಲ್ಲ. ಒಟ್ಟು 17 ಕಡೆ ಇಂಟರ್‌ವ್ಯೂ ಆಯಿತು. ಮೊದಲ ಐದಾರರಲ್ಲಿ ಸ್ಕ್ರೀನ್ ಶೇರ್ ಮಾಡಿ ಇಪ್ಪತ್ತು ಸಾಲು ಪೈಥಾನ್ ಬರೆಯಲು ಹೇಳಿದಾಗ ಬೆವತುಬಿಟ್ಟೆ. ಮತ್ತೆ ಅದೇ ಗ್ರಂಥಾಲಯಕ್ಕೆ ಹೋದೆ, ಈ ಸಲ ಹೆಂಡತಿಗೆ ಹೇಳಿ, ಅವಳ ಹಳೇ ಲ್ಯಾಪ್‌ಟಾಪ್ ಹೊತ್ತುಕೊಂಡು. ನಾಲ್ಕು ತಿಂಗಳು ಹುಡುಗರ ಜೊತೆ ಕೂತು ಓದಿದೆ. ಡಬ್ಬಿಯವರಲ್ಲಿ ಒಬ್ಬರ ಜೊತೆ ಮಾತೂ ಶುರುವಾಯಿತು. ಅವರು ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ಇವತ್ತೇ ಹೇಳಿ ಸಾರ್ ಅಂದೆ.

ನವೆಂಬರ್‌ನಲ್ಲಿ ಕೆಲಸ ಸಿಕ್ಕಿತು. ಸಂಬಳ ಮೂರನೇ ಒಂದು ಭಾಗ ಕಡಿಮೆ, ಕೈಕೆಳಗೆ ಯಾರೂ ಇಲ್ಲ. ಲೀಡ್ ಆಗಿರುವವನು ಹಿಂದೆ ನನ್ನ ಟೀಮಿಗೇ ಟ್ರೇನಿಯಾಗಿ ಬಂದಿದ್ದ ಹುಡುಗ. ಮೊದಲ ವಾರ ಅವನು ‘ಸಾರ್’ ಅನ್ನುವುದನ್ನು ಬಿಡಲಾರದೆ, ನಾನು ಅವನಿಂದ ತಪ್ಪು ತಿದ್ದಿಸಿಕೊಳ್ಳಲಾರದೆ ಇಬ್ಬರೂ ಒದ್ದಾಡಿದೆವು. ಒಂದು ದಿನ ಅವನ ಮುಂದೆ ಕೂತು, ಇದು ನನಗೆ ಬರುವುದಿಲ್ಲ, ಹೇಳಿಕೊಡು ಅಂದೆ. ಅಲ್ಲಿಂದ ಸರಿಹೋಯಿತು.

ಸಾಲದ ಅವಧಿ ನಾಲ್ಕು ವರ್ಷ ಮುಂದಕ್ಕೆ ಹೋಗಿದೆ. ನನಗೀಗ 39. ಈ ಕೆಲಸವೂ ಎಷ್ಟು ದಿನವೋ, ಎಐ ಬಂದಮೇಲೆ ಯಾರೂ ಖಚಿತವಾಗಿ ಹೇಳಲಾರರು. ಭಯ ಹೋಗಿದೆ ಅಂದರೆ ಸುಳ್ಳಾಗುತ್ತದೆ. ಕ್ಯಾಲೆಂಡರ್‌ನಲ್ಲಿ ಹೆಸರಿಲ್ಲದ ಮೀಟಿಂಗ್ ಕಂಡರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಆದರೆ ಅಂಥ ದಿನ ಇನ್ನೊಮ್ಮೆ ಬಂದರೆ ಲಿಫ್ಟಿನಿಂದ ಇಳಿಯುವ ಮುಂಚೆಯೇ ಮನೆಗೆ ಫೋನ್ ಮಾಡುತ್ತೇನೆ. ಹೆಂಡತಿಗೆ ಆ ಮಾತು ಕೊಟ್ಟಿದ್ದೇನೆ. ಅವಳು ಈಗಲೂ ಒಂದೊಂದು ದಿನ ಬೆಳಿಗ್ಗೆ ನನ್ನ ಬ್ಯಾಗನ್ನು ಸುಮ್ಮನೆ ಎತ್ತಿ ನೋಡಿ ಇಡುತ್ತಾಳೆ.