‘ಅಲ್ಲಿ ನಿಮಗ ಗೊತ್ತಿದ್ದವರು ಯಾರದಾರ?’

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದವೆಂದರೆ ನಮ್ಮ ಮೂವರ ಫೋನಿಗೂ ಪುರುಸೊತ್ತು ಇರುವುದಿಲ್ಲ. ಆಳಂದ ಕಡೆಯಿಂದ ಯಾರದೋ ಅಪ್ಪ, ಜೇವರ್ಗಿ ಕಡೆಯಿಂದ ಒಬ್ಬ ಕಾಕಾ, ಅಫಜಲಪುರದ ಹಳ್ಳಿಯಿಂದ ಅವ್ವನ ಫೋನ್ ಹಿಡಿದ ಹುಡುಗಿ. ಕೇಳುವುದು ಒಂದೇ: ‘ಕಲಬುರಗಿ ಹಾಸ್ಟೆಲ್‌ನ್ಯಾಗ ನಿಮಗ ಗೊತ್ತಿದ್ದವರು ಯಾರರೆ ಅದಾರೇನ್ರಿ?’

ಈ ಮಾತು ಕೇಳಿದಾಗೆಲ್ಲ ನಮಗೆ ನಮ್ಮದೇ ಬೇಸಿಗೆ ನೆನಪಾಗುತ್ತದೆ. ನಾವು ಮೂವರೂ ಒಂದೊಂದು ತಾಲ್ಲೂಕಿನವರು. ಡಿಗ್ರಿಗೆಂದು ಕಲಬುರಗಿಗೆ ಬಂದಾಗ ಒಬ್ಬರಿಗೊಬ್ಬರು ಪರಿಚಯ ಇರಲಿಲ್ಲ.

ನಮ್ಮಲ್ಲಿ ಅಫಜಲಪುರದವಳು ಅಪ್ಪನ ಜೊತೆ ಒಂದು ಟ್ರಸ್ಟಿನ ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ಹೋಗಿದ್ದಳು. ಮಾರ್ಕ್ಸ್ ಕಾರ್ಡು ಪ್ಲಾಸ್ಟಿಕ್ ಚೀಲದಲ್ಲಿ, ಅದರ ಮೇಲೊಂದು ಟವೆಲ್ಲು. ಆಫೀಸಿನವರು ಕಾರ್ಡು ನೋಡಲೇ ಇಲ್ಲ. ‘ಯಾರ ಕಡಿಂದ ಬಂದೀರಿ?’ ಅಂದರು. ಅಪ್ಪನಿಗೆ ಪ್ರಶ್ನೆ ತಿಳಿಯಲಿಲ್ಲ. ‘ನಾವು ನಮ್ಮ ಕಡಿಂದೇ ಬಂದೀವ್ರಿ’ ಅಂದ. ಅಲ್ಲಿದ್ದವರು ನಕ್ಕರು. ಹಿಂದೆ ಇದೇ ಹಾಸ್ಟೆಲ್‌ನಲ್ಲಿ ಇದ್ದು ಓದಿದ ಹೆಣ್ಣುಮಗಳು ಯಾರಾದರೂ ಒಂದು ಚೀಟಿ ಬರೆದುಕೊಟ್ಟರೆ ನೋಡೋಣ ಎಂದು ಕಳಿಸಿದರು.

ಊರಲ್ಲಿ ಕಲಬುರಗಿಗೆ ಹೋಗಿ ಓದಿದ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಚೀಟಿ ಯಾರು ಬರೆಯಬೇಕು? ವಾಪಸ್ ಬರುವ ಬಸ್ಸಿನಲ್ಲಿ ಅಪ್ಪ ಕಂಡಕ್ಟರನ ಮುಂದೆ ಎಲ್ಲ ಹೇಳಿಕೊಂಡ. ಪಕ್ಕದ ಊರಿನ ಆಸ್ಪತ್ರೆಯ ನರ್ಸಮ್ಮ ಅಲ್ಲೇ ಇದ್ದು ಓದಿದವರು ಎಂದು ಆ ಕಂಡಕ್ಟರನಿಗೆ ಗೊತ್ತಿತ್ತು! ಮರುದಿನ ಬೆಳಿಗ್ಗೆ ಇಬ್ಬರೂ ಅವರ ಮನೆ ಬಾಗಿಲಲ್ಲಿ.

ನರ್ಸಮ್ಮ ಅಪ್ಪನನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟರು. ಹುಡುಗಿಯನ್ನು ಒಳಗೆ ಕರೆದು ತಾಸುಗಟ್ಟಲೆ ಮಾತಾಡಿದರು. ಯಾಕೆ ಓದಬೇಕು, ಮುಟ್ಟಿನ ದಿನಗಳಲ್ಲಿ ಹೊಟ್ಟೆನೋವು ಬಹಳವೇ, ಮನೆ ನೆನಪಾದರೆ ಏನು ಮಾಡುತ್ತೀ. ಆಮೇಲೆ ಬರೆದರು: ಈ ಹುಡುಗಿಯನ್ನು ನಾನು ಇವತ್ತೇ ಮೊದಲು ನೋಡಿದ್ದು, ಒಂದು ತಾಸು ಮಾತಾಡಿದ್ದೇನೆ, ಕೇಳಿದ್ದಕ್ಕೆ ಹೆದರದೆ ಉತ್ತರ ಕೊಟ್ಟಳು, ಮೊದಲ ತಿಂಗಳು ಅಳಬಹುದು, ಆಮೇಲೆ ನಿಲ್ಲುತ್ತಾಳೆ. ಅಷ್ಟೇ. ಸೀಟು ಸಿಕ್ಕಿತು. ಮೊದಲ ತಿಂಗಳು ಅತ್ತದ್ದೂ ನಿಜ.

ಆಳಂದದವಳದು ಬೇರೆ ಕತೆ. ಸರ್ಕಾರಿ ಹಾಸ್ಟೆಲ್‌ಗೆ ಯಾರ ಚೀಟಿಯೂ ಬೇಡ. ಅರ್ಜಿ, ಅಂಕ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಇದ್ದರಾಯಿತು ಅಂದುಕೊಂಡಿದ್ದಳು. ಆದರೆ ಆಧಾರದಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. ಸರಿಮಾಡಿಸಲು ನಾಡಕಚೇರಿ, ಆಧಾರ್ ಕೇಂದ್ರ ಎಂದು ಅಲೆಯುವಷ್ಟರಲ್ಲಿ ಕೊನೆಯ ದಿನ ದಾಟಿತ್ತು. ಆಮೇಲೆ ಬಾಡಿಗೆ ರೂಮು. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗಿಷ್ಟು ಎಂದು ಹಣ ಕೊಡುತ್ತಾರೆ ಎಂಬುದೂ ಗೆಳತಿಯೊಬ್ಬಳಿಂದ ತಡವಾಗಿ ಗೊತ್ತಾಯಿತು. ಮೊದಲೇ ಓದಿಬಂದ ಒಬ್ಬ ಅಕ್ಕ ಇದ್ದಿದ್ದರೆ ಹೆಸರಿನ ಮಾತು ಏಪ್ರಿಲ್‌ನಲ್ಲೇ ಹೇಳಿರುತ್ತಿದ್ದಳು. ಚೀಟಿಗಿಂತ ಇದೇ ದೊಡ್ಡದು ಎಂದು ನಮಗೆ ಅನ್ನಿಸುತ್ತದೆ.

ಜೇವರ್ಗಿಯವಳಿಗೆ ಸೋದರತ್ತೆ ಕಲಬುರಗಿಯಲ್ಲೇ ಇದ್ದರು, ಕಷ್ಟವಾಗಲಿಲ್ಲ. ಆದರೆ ಅವಳ ಬೆಂಚಿನ ಗೆಳತಿ, ಅವಳಿಗಿಂತ ಹೆಚ್ಚು ಅಂಕ ತೆಗೆದವಳು, ಬರಲಿಲ್ಲ. ಅವಳಪ್ಪ ಕೆಟ್ಟವನಲ್ಲ. ‘ಅಲ್ಲಿದ್ದು ಬಂದ ಒಬ್ಬ ಹೆಣ್ಣುಮಗಳು ನನ್ನ ಎದುರು ನಿಂತು, ಏನೂ ಆಗಲ್ಲರಿ ಅಂತ ಹೇಳಲಿ, ಕಳಸ್ತೀನಿ’ ಎಂದಿದ್ದ. ಹೇಳುವವರು ಸಿಗಲಿಲ್ಲ. ಮುಂದಿನ ವೈಶಾಖದಲ್ಲಿ ಲಗ್ನವಾಯಿತು.

ಅಮೆರಿಕದ ಕಾಲೇಜುಗಳಲ್ಲೂ ಇಂಥದ್ದೊಂದು ಇದೆಯೆಂದು ಓದಿದಾಗ ನಮಗೆ ನಗು ಬಂತು. ಅಲ್ಲಿ ವಿದ್ಯಾರ್ಥಿನಿಯರ ಸಂಘಗಳಿವೆ, ಸೊರೋರಿಟಿ ಅನ್ನುತ್ತಾರೆ. ಸೇರಬೇಕೆಂದರೆ ಅದೇ ಸಂಘದಲ್ಲಿದ್ದ ಹಳೆಯ ವಿದ್ಯಾರ್ಥಿನಿಯಿಂದ ಶಿಫಾರಸು ಪತ್ರ ತರುವ ರೂಢಿ. ಊರಲ್ಲಿ ಅಂಥವರು ಇಲ್ಲದ ಹುಡುಗಿಯರು ಹಿಂದೆ ಬೀಳುತ್ತಾರೆಂದು ಇತ್ತೀಚೆಗೆ ಹಲವು ಸಂಘಗಳು ಅದನ್ನು ಕಡ್ಡಾಯ ಮಾಡುವುದನ್ನು ಬಿಟ್ಟಿವೆ. ಅಲ್ಲಿಯೂ ‘ಯಾರ ಕಡಿಂದ ಬಂದೀರಿ’ಯೇ!

ಈಗ ಅಕ್ಕಂದಿರ ಜಾಗದಲ್ಲಿ ನಾವಿದ್ದೇವೆ. ಚೀಟಿ ಬರೆಯಬೇಕೋ ಬೇಡವೋ ಎಂದು ನಮ್ಮಲ್ಲೇ ಜಗಳವಾಗಿದೆ. ನಾವು ಬರೆದಷ್ಟೂ ನಮ್ಮ ಪರಿಚಯ ಇಲ್ಲದ ಹುಡುಗಿಗೆ ಬಾಗಿಲು ಮುಚ್ಚುತ್ತದೆ, ಶಾಸಕರ ಪತ್ರಕ್ಕೂ ಇದಕ್ಕೂ ಏನು ಫರಕು ಎಂದು ಒಬ್ಬಳ ವಾದ. ಬರೆಯದಿದ್ದರೆ ಬಾಗಿಲೇನು ತಾನಾಗಿ ತೆರೆಯುತ್ತದೆಯೇ ಎಂದು ಇನ್ನೊಬ್ಬಳು. ಜಗಳ ಮುಗಿದಿಲ್ಲ. ಸದ್ಯಕ್ಕೆ ನರ್ಸಮ್ಮನ ಹಾಗೆ ಮಾಡುತ್ತಿದ್ದೇವೆ. ಹುಡುಗಿಯ ಜೊತೆ ಮಾತಾಡದೆ ಬರೆಯುವುದಿಲ್ಲ, ಕಂಡದ್ದನ್ನಷ್ಟೇ ಬರೆಯುತ್ತೇವೆ. ಮನೆಯವರಿಗೂ ಇದ್ದದ್ದನ್ನೇ ಹೇಳುತ್ತೇವೆ: ಬೇಸಿಗೆಯಲ್ಲಿ ನೀರಿನ ತ್ರಾಸು ಇರುತ್ತದೆ, ಸಾರು ತೆಳ್ಳಗೆ, ಸಂಜೆ ಗೇಟು ಬೇಗ ಹಾಕುತ್ತಾರೆ.

ನೀವು ಹುಡುಕುವವರಾದರೆ ನಿಮ್ಮ ಓಣಿ, ನಿಮ್ಮ ಜಾತಿಯಲ್ಲಷ್ಟೇ ಹುಡುಕಬೇಡಿ. ಅಂಗನವಾಡಿ ಟೀಚರನ್ನು ಕೇಳಿ, ಆಶಾ ಅಕ್ಕನನ್ನು ಕೇಳಿ, ಹೈಸ್ಕೂಲಿನ ಹೆಡ್‌ಮಾಸ್ತರರನ್ನು ಕೇಳಿ. ಬೆಳಗಿನ ಬಸ್ಸಿನ ಕಂಡಕ್ಟರನನ್ನಂತೂ ಮರೆಯಬೇಡಿ.

ಹೋದ ವಾರ ಜೇವರ್ಗಿಯವಳಿಗೆ ಫೋನ್ ಬಂತು. ಆ ಬೆಂಚಿನ ಗೆಳತಿಯದು. ‘ನಮ್ಮ ನಾದಿನಿ ಪಾಸಾಗ್ಯಾಳ. ಮಾವಾರು ಗುಮಾನಿ ಮಾಡ್ಲಿಕತ್ಯಾರ. ನೀನು ಬಂದು ಅವರ ಎದುರು ನಿಂತು ಹೇಳ್ತಿ ಏನು?’

ಭಾನುವಾರ ಮೂವರೂ ಹೊರಟೆವು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲವಲ್ಲ, ಆಧಾರ್ ಕಾರ್ಡಿದ್ದರೆ ಸಾಕು. ಭೀಮಾ ದಾಟಿ ಊರು ಮುಟ್ಟಿದಾಗ ಮಾವ ಪಡಸಾಲೆಯಲ್ಲಿ ಕೂತಿದ್ದರು. ಗೆಳತಿ ಬಾಗಿಲ ಮರೆಯಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ನಾವು ನೀರಿನ ತ್ರಾಸಿನಿಂದಲೇ ಮಾತು ಶುರುಮಾಡಿದೆವು.