ಸಮಾವರ್ತನದ ಮರುದಿನ

ಪೂರ್ವಕಾಲದಲ್ಲಿ ಗುರುಕುಲವಾಸವನ್ನು ಮುಗಿಸಿದ ವಟುವಿಗೆ ಸಮಾವರ್ತನವೆಂಬ ಸಂಸ್ಕಾರವು ನಡೆಯುತ್ತಿದ್ದಿತು. ಆತನು ಮಂಗಳಸ್ನಾನವನ್ನು ಮಾಡಿ, ಮೇಖಲೆಯನ್ನು ತೆಗೆದಿಟ್ಟು, ಹೊಸ ವಸ್ತ್ರವನ್ನುಟ್ಟು, ಕೊಡೆ ಪಾದರಕ್ಷೆಗಳನ್ನು ಧರಿಸಿ, ಸ್ನಾತಕನೆನಿಸಿಕೊಂಡು ಮನೆಗೆ ಮರಳುವನು. ಗೃಹ್ಯಸೂತ್ರಗಳು ಈ ವಿಧಿಯನ್ನು ವಿಸ್ತರಿಸಿ ಹೇಳುತ್ತವೆ. ಮರುದಿನ ಬೆಳಗ್ಗೆ ಆ ಸ್ನಾತಕನು ತಂದೆಯ ಮನೆಯ ಜಗಲಿಯ ಮೇಲೆ ಕುಳಿತು ಏನು ಮಾಡಿದನೆಂಬುದನ್ನು ಮಾತ್ರ ಹೇಳುವುದಿಲ್ಲ. ಹಳೆಯ ಹೆಸರು ಇಂದಿಗೂ ಉಳಿದಿದೆ, ಬಿ.ಎ.ಯ ಮೇಲಿನ ಓದಿಗೆ ಸ್ನಾತಕೋತ್ತರವೆಂದೇ ವಾಡಿಕೆ.

ದೊಡ್ಡಬಳ್ಳಾಪುರದ ನೇಕಾರರ ಮನೆಯೊಂದರಲ್ಲಿ ಈ ಮರುದಿನವು ಏಳು ತಿಂಗಳು ಸಾಗಿತು. ನಾಲ್ಕು ವಿದ್ಯುತ್ ಮಗ್ಗಗಳುಳ್ಳ ಮನೆ. ಮಗನು ಬಿ.ಕಾಂ. ಪದವಿಯಲ್ಲಿ ಪ್ರಥಮದರ್ಜೆಯನ್ನು ಪಡೆದಾಗ ತಾಯಿಯು ಬೀದಿಗೆಲ್ಲ ಸಕ್ಕರೆ ಹಂಚಿದಳು. ಬಳಿಕ ಆತನು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗುವುದು, ಸಂಜೆಯ ರೈಲಿಗೆ ಬರಿಗೈಯಲ್ಲಿ ಹಿಂದಿರುಗುವುದು. ಎಲ್ಲಿ ಹೋದರೂ ಒಂದೇ ಪ್ರಶ್ನೆ: ಅನುಭವವೆಷ್ಟು? ಕೆಲಸ ಸಿಕ್ಕದೆ ಅನುಭವವಿಲ್ಲ, ಅನುಭವವಿಲ್ಲದೆ ಕೆಲಸವಿಲ್ಲ. ತಾರ್ಕಿಕರು ಹೇಳುವ ಅನ್ಯೋನ್ಯಾಶ್ರಯದೋಷಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು.

ಆದರೆ ಆತನನ್ನು ಹೆಚ್ಚಾಗಿ ನೋಯಿಸಿದುದು ಬೆಂಗಳೂರಲ್ಲ, ಮನೆಯ ಒಳಕೋಣೆ. ಹೈಸ್ಕೂಲಿನಲ್ಲಿದ್ದಾಗ ತಂದೆಯು, “ಲೋ, ಆ ಕಂಡಿಕೆ ಇತ್ತ ಕೊಡೋ” ಎಂದು ಮಗ್ಗದ ಬಳಿಗೆ ಕರೆಯುತ್ತಿದ್ದನು. ಈಗ ಕರೆಯಲಿಲ್ಲ. “ಓದಿದವನು, ಅವನಿಗ್ಯಾಕೆ ಈ ಧೂಳು?” ಎಂದು ಹೆಂಡತಿಗೆ ಹೇಳುವನು. ಅದು ಗೌರವದ ಮಾತೇ ಸರಿ. ಕೇಳಿದ ಮಗನಿಗೆ ತಾನು ಆ ಮನೆಗೆ ನೆಂಟನಾಗಿ ಬಂದಂತೆ ತೋರಿತು.

ಕಡೆಗೆ ಬಾಶೆಟ್ಟಿಹಳ್ಳಿಯ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಲೆಕ್ಕದ ಕೆಲಸ ಸಿಕ್ಕಿತು. ಆಸ್ತಿಹೊಣೆ ಪಟ್ಟಿಯನ್ನು ಕಣ್ಣುಮುಚ್ಚಿ ಬರೆಯಬಲ್ಲವನಿಗೆ ಸರಕು ರವಾನೆಯ ಚೀಟಿಯನ್ನು ಓದಲು ಬಾರದು. ಉಗ್ರಾಣವನ್ನು ನೋಡಿಕೊಳ್ಳುತ್ತಿದ್ದ ಹಿರಿಯನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಆತನನ್ನು ಕೇಳಲು ನಾಚಿಕೆ. ಮೂರನೆಯ ದಿನ ಪೆಟ್ಟಿಗೆಗಳ ಸಂಖ್ಯೆಯನ್ನು ಡಜನುಗಳ ಅಂಕಣದಲ್ಲಿ ಬರೆದುಬಿಟ್ಟನು. ಚೀಟಿಗೂ ಸರಕಿಗೂ ತಾಳೆಯಾಗದೆ ಲಾರಿಯು ಸಂಜೆಯವರೆಗೆ ಬಾಗಿಲಲ್ಲೇ ನಿಂತಿತು. ಹಮಾಲರು ಕೂಲಿಗಾಗಿ ಕಾದರು. ಚಾಲಕನು ಊಟವಿಲ್ಲದೆ ಬೀಡಿ ಸೇದುತ್ತ ಕುಳಿತನು. ಪರೀಕ್ಷೆಯಲ್ಲಿ ತಪ್ಪಿದರೆ ತಪ್ಪಿದವನಿಗೆ ಮಾತ್ರ ಅಂಕ ಕಡಿಮೆ. ಇಲ್ಲಿ ಹಾಗಲ್ಲವೆಂಬುದನ್ನು ಯಾವ ಪಠ್ಯಪುಸ್ತಕವೂ ಆತನಿಗೆ ತಿಳಿಸಿರಲಿಲ್ಲ.

ಮಹಾನುಭಾವರಿಗೂ ಇಂಥ ದಿನಗಳು ತಪ್ಪಲಿಲ್ಲ. ನಂದಿಬೆಟ್ಟದ ಆಚೆ ಮಗ್ಗುಲಿನ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1883ರಲ್ಲಿ ಪುಣೆಯ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮಸ್ಥಾನವನ್ನು ಪಡೆದು, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಖಾನ್‌ದೇಶದಲ್ಲಿ ಪಂಜ್ರಾ ನದಿಯ ಕಾಲುವೆಯೊಂದಕ್ಕೆ ಅಡ್ಡಲಾಗಿ ಕೊಳವೆಯ ಸೈಫನ್ನನ್ನು ಕಟ್ಟಿಸುವ ಕೆಲಸ ಅವರ ಪಾಲಿಗೆ ಬಂದಿತು. ಮಳೆಗಾಲದ ಪ್ರವಾಹ, ಕಟ್ಟುವಲ್ಲಿ ಹೂಳು. ಮಳೆ ಕಳೆದ ಮೇಲೆ ಮುಂದುವರಿಸೋಣವೆಂದು ಬರೆದುಕೊಂಡರು. ಮೇಲಧಿಕಾರಿಗೆ ಅದು ರುಚಿಸಲಿಲ್ಲ. ಅವರು ಮತ್ತೆ ಯೋಚಿಸಿ, ಕೆಲಸವನ್ನು ಮುಂದುವರಿಸಿ ಪೂರ್ಣಗೊಳಿಸಿದರು. 1951ರಲ್ಲಿ ಹೊರಬಂದ ತಮ್ಮ ವೃತ್ತಿಜೀವನದ ನೆನಪುಗಳಲ್ಲಿ ಇದನ್ನು ತಾವೇ ಬರೆದಿದ್ದಾರೆ. ಕೆಲವರು ಇದನ್ನು ವಿಧೇಯತೆಯ ಪಾಠವೆನ್ನುವರು; ಅಷ್ಟೇ ಎಂದರೆ ಸಾಲದು. ಮಳೆಯ ವಿಷಯದಲ್ಲಿ ಅವರ ಮಾತು ಸುಳ್ಳಾಗಿರಲಿಲ್ಲ. ಪುಣೆಯ ಪ್ರಥಮಸ್ಥಾನವನ್ನು ಪಂಜ್ರಾ ನದಿಯು ಕೇಳಿರಲಿಲ್ಲ, ಅಷ್ಟೆ.

ನಾಲ್ಕನೆಯ ದಿನ ದೊಡ್ಡಬಳ್ಳಾಪುರದ ಯುವಕನು ಪೆನ್ಸಿಲನ್ನು ಹಿಡಿದು ಉಗ್ರಾಣದ ಬಾಗಿಲಲ್ಲಿ ನಿಂತು, “ಅಣ್ಣಾ, ಈ ಚೀಟಿ ಒಂದಿಷ್ಟು ಹೇಳಿಕೊಡಿ” ಎಂದನು. ಹಿರಿಯನು ಕನ್ನಡಕವನ್ನು ಒರೆಸಿ, “ಮೊದಲನೇ ದಿನಾನೇ ಬರಬಾರದಾಗಿತ್ತೇನಪ್ಪಾ? ಕೂತ್ಕೊ” ಎಂದು ಪೆಟ್ಟಿಗೆಯೊಂದನ್ನು ಮುಂದಕ್ಕೆ ತಳ್ಳಿದನು. ಮಧ್ಯಾಹ್ನದವರೆಗೂ ಪಾಠ ನಡೆಯಿತು.

ಆ ಭಾನುವಾರ ಮನೆಯಲ್ಲಿ ಒಂದು ಮಗ್ಗದ ಹಾಸಿನಲ್ಲಿ ಎಳೆ ಕಡಿದಿತ್ತು. ಮಗನು ಯಾರೂ ಕರೆಯದೆ ಹೋಗಿ, ಮಗ್ಗವನ್ನು ನಿಲ್ಲಿಸಿ, ಬಾಗಿ ಗಂಟುಹಾಕತೊಡಗಿದನು. ಕೈ ಮರೆತಿತ್ತು, ಎರಡು ಸಲ ಗಂಟು ಜಾರಿತು. ಪಕ್ಕದ ಮಗ್ಗದಲ್ಲಿದ್ದ ತಂದೆಯು ಸುಮ್ಮನೆ ನೋಡಿದನು. ಮೂರನೆಯ ಸಲ ಗಂಟು ನಿಂತ ಮೇಲೆ, ತಲೆಯೆತ್ತದೆ, “ಲೋ, ಆ ಕಂಡಿಕೆ ಇತ್ತ ಕೊಡೋ” ಎಂದನು.